ಹಸಿರು ತುಂಬಿದ ಕೆರೆಯಲ್ಲಿ ಮೀನು ಉಸಿರುಗಟ್ಟಿದ್ದು ಹೇಗೆ?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಕಳೆದ ಮೇ ಕೊನೆಯಲ್ಲಿ ನಮ್ಮೂರಿಗೆ ಮೊದಲ ದೊಡ್ಡ ಮಳೆ ಬಂತು. ಮಾರನೇ ದಿನ ಬೆಳಿಗ್ಗೆ ಕೆರೆ ತುಂಬ ಸತ್ತ ಮೀನು. ಯಾರೋ ವಿಷ ಹಾಕಿದ್ದಾರೆ ಎಂದು ಊರಲ್ಲಿ ಗಲಾಟೆಯಾಯಿತು. ಮೀನಿನ ಗುತ್ತಿಗೆದಾರರಿಗೂ ಮೇಲಿನ ತೋಟದವರಿಗೂ ಇವತ್ತಿಗೂ ಮಾತಿಲ್ಲ. ಮೀನುಗಾರಿಕೆ ಇಲಾಖೆಯವರು ಬಂದು ನೋಡಿ, ಆಕ್ಸಿಜನ್ ಕಡಿಮೆಯಾಗಿ ಸತ್ತಿವೆ ಎಂದರು. ಶಾಲೆ ಶುರುವಾದ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಹಸಿರು ಗಿಡ ಆಕ್ಸಿಜನ್ ಕೊಡುತ್ತೆ ಅಂತ ನೀವೇ ಹೇಳಿದ್ರಿ. ಕೆರೆ ಪೂರ್ತಿ ಪಾಚಿ ಕಟ್ಟಿ ಹಸಿರಾಗಿತ್ತು. ಮತ್ತೆ ಆಕ್ಸಿಜನ್ ಹೇಗೆ ಕಡಿಮೆಯಾಯ್ತು?" ನನಗೆ ಉತ್ತರ ಹೊಳೆಯಲಿಲ್ಲ. ಇನ್ನೊಬ್ಬ ಎದ್ದು, "ಆಹಾರ ಸರಪಳಿಯಲ್ಲಿ ಹತ್ತು ಪರ್ಸೆಂಟ್ ಮೇಲಕ್ಕೆ ಹೋಗುತ್ತೆ, ಉಳಿದ ತೊಂಬತ್ತು ಎಲ್ಲಿ ಹೋಗುತ್ತೆ?" ಅಂದ. ಈಗ ಊರಿನವರು ಅಂತರಗಂಗೆ ಕೀಳಿಸಬೇಕು, ಗಂಬೂಸಿಯಾ ಮೀನು ಬಿಡಬೇಕು, ಸುಣ್ಣ ಹಾಕಬೇಕು ಎನ್ನುತ್ತಿದ್ದಾರೆ. ಮಕ್ಕಳಿಗೆ ಏನು ಹೇಳಲಿ, ಊರಿನವರಿಗೆ ಏನು ಹೇಳಲಿ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಪರವಾಗಿ ಶಹಬ್ಬಾಸ್ ಹೇಳಿ. ಮೂವತ್ತು ವರ್ಷ ಕೆರೆಗಳ ನೀರು ಪರೀಕ್ಷೆ ಮಾಡಿಕೊಂಡು ಓಡಾಡಿದವನು ನಾನು. ಎಂಎಸ್ಸಿ ಓದುವವರೂ ಈ ಪ್ರಶ್ನೆಯನ್ನು ಕೇಳುವುದು ಅಪರೂಪ. ನೀವು ಎರಡು ಮಕ್ಕಳ ಎರಡು ಪ್ರಶ್ನೆ ಎಂದು ಬರೆದಿದ್ದೀರಿ. ನನಗೆ ಅವೆರಡೂ ಒಂದೇ ಪ್ರಶ್ನೆಯ ಹಾಗೆ ಕಾಣುತ್ತವೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಮೀನಿನ ಕಥೆ.

ಗಿಡ ಆಕ್ಸಿಜನ್ ಕೊಡುತ್ತದೆ ಎನ್ನುವುದು ಅರ್ಧ ಮಾತು. ಪೂರ್ತಿ ಮಾತು ಇದು: ಬೆಳಕಿದ್ದಾಗ ಕೊಡುತ್ತದೆ, ಆದರೆ ಹಗಲೂ ರಾತ್ರಿಯೂ ತಾನು ಉಸಿರಾಡುತ್ತಲೇ ಇರುತ್ತದೆ. ಹಗಲು ಕೊಡುವುದು ಜಾಸ್ತಿ, ಬಳಸುವುದು ಕಡಿಮೆ, ಹಾಗಾಗಿ ಲೆಕ್ಕದಲ್ಲಿ ಲಾಭ ಕಾಣುತ್ತದೆ. ಕತ್ತಲಾದ ಮೇಲೆ ಕೊಡುವುದು ನಿಂತುಹೋಗುತ್ತದೆ, ಬಳಸುವುದು ನಿಲ್ಲುವುದಿಲ್ಲ. ಮಕ್ಕಳಲ್ಲಿ ಬಹಳಷ್ಟು ಜನ "ಗಿಡ ಹಗಲು ಆಹಾರ ತಯಾರಿಸುತ್ತದೆ, ರಾತ್ರಿ ಮಾತ್ರ ಉಸಿರಾಡುತ್ತದೆ" ಎಂದು ನೆನಪಿಟ್ಟುಕೊಂಡಿರುತ್ತಾರೆ. ಇದನ್ನು ತಿದ್ದಿ. ಹಸಿದ ಹೊಟ್ಟೆಗೆ ಪಾಳಿ ಇರುವುದಿಲ್ಲ ಅಲ್ವಾ?

ಇಲ್ಲಿ ಒಬ್ಬ ಹುಡುಗನಾದರೂ ಕೈ ಎತ್ತುತ್ತಾನೆ: "ಅದಕ್ಕೇ ಸಾರ್, ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು ಅನ್ನೋದು." ಅದು ಸರಿಯಲ್ಲ. ಬಯಲಿನಲ್ಲಿ ಗಾಳಿ ಒಂದೇ ಸಮನೆ ಬೆರೆಯುತ್ತಿರುತ್ತದೆ. ಮರ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್‌ನಿಂದ ಯಾರಿಗೂ ಉಸಿರು ಕಟ್ಟುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಪಕ್ಕದಲ್ಲಿ ಮಲಗಿದ ಅಣ್ಣನೇ ಅದಕ್ಕಿಂತ ಜಾಸ್ತಿ ತೊಂದರೆ. ಹುಣಸೆ ಮರದ ದೆವ್ವದ ವಿಚಾರ ನನ್ನ ವಿಷಯವಲ್ಲ, ಬಿಡಿ.

ಆದರೆ ನೀರಿನ ಕಥೆಯೇ ಬೇರೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಕ್ಸಿಜನ್ ಇರುತ್ತದೆ. ಮೂವತ್ತು ಡಿಗ್ರಿ ಬಿಸಿಯ ಒಂದು ಲೀಟರ್ ಕೆರೆ ನೀರು ಗಾಳಿಯಿಂದ ಕರಗಿಸಿಕೊಳ್ಳುವುದು ಹೆಚ್ಚೆಂದರೆ ಏಳು, ಏಳೂವರೆ ಮಿಲಿಗ್ರಾಂ. ನೀರು ಬಿಸಿಯಾದಷ್ಟೂ ಇದು ಇನ್ನೂ ಕಡಿಮೆ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಉಸಿರಾಟ ಜೋರಾಗುತ್ತದೆ. ಅಂದರೆ ಬೇಸಿಗೆಯಲ್ಲಿ ಸಂಬಳ ಕಡಿಮೆ, ಖರ್ಚು ಜಾಸ್ತಿ. ಇನ್ನೊಂದು ತೊಡಕಿದೆ. ನಿಂತ ನೀರಿನಲ್ಲಿ ಆಕ್ಸಿಜನ್ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಮೇಲಿನಿಂದ ಬಂದು ತುಂಬಿಕೊಳ್ಳಲಿ ಎಂದು ಕಾದರೆ ಅಷ್ಟು ಹೊತ್ತು ಮೀನಿಗೆ ಕಾಯಲಾಗುವುದಿಲ್ಲ.

ಈಗ ಪಾಚಿ ಕಟ್ಟಿದ ಕೆರೆಯ ಒಂದು ದಿನ ನೋಡಿ. ಮಧ್ಯಾಹ್ನ ಮೂರು ಗಂಟೆಗೆ ಮೀಟರ್ ಇಳಿಬಿಟ್ಟರೆ ಲೀಟರಿಗೆ 12, ಕೆಲವೊಮ್ಮೆ 15 ಮಿಲಿಗ್ರಾಂ ಕೂಡ ತೋರಿಸುತ್ತದೆ. ಪಾಚಿ ಅಷ್ಟು ಆಕ್ಸಿಜನ್ ಬಿಡುತ್ತಿರುತ್ತದೆ. ಅದೇ ಜಾಗದಲ್ಲಿ ಬೆಳಗಿನ ಜಾವ ಐದು ಗಂಟೆಗೆ ನೋಡಿದರೆ ಎರಡು, ಒಂದು, ಅದಕ್ಕೂ ಕಡಿಮೆ. ರಾತ್ರಿಯೆಲ್ಲ ಪಾಚಿ, ಮೀನು, ಹುಳ, ಬ್ಯಾಕ್ಟೀರಿಯಾ ಎಲ್ಲ ಸೇರಿ ಅದನ್ನು ಖಾಲಿ ಮಾಡಿರುತ್ತವೆ. ಐದಕ್ಕಿಂತ ಮೇಲಿದ್ದರೆ ಮೀನು ಆರಾಮ. ಮೂರಕ್ಕಿಂತ ಕೆಳಗೆ ಇಳಿದರೆ ಚಡಪಡಿಸುತ್ತದೆ. ಒಂದಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಂತರೆ ಕಾಟ್ಲಾ, ರೋಹು ಉಳಿಯುವುದಿಲ್ಲ. ಹಾಗಾಗಿ ಹುಡುಗಿಗೆ ಉತ್ತರ: ಕೆರೆ ಅಷ್ಟು ಹಸಿರಾಗಿತ್ತು, ಅದಕ್ಕೇ ಆಕ್ಸಿಜನ್ ಖಾಲಿಯಾಯಿತು.

ಹಾಗಾದರೆ ದಿನಾ ಯಾಕೆ ಸಾಯಲಿಲ್ಲ, ಆ ಒಂದು ರಾತ್ರಿಯೇ ಯಾಕೆ? ನಿಮ್ಮ ಪತ್ರದಲ್ಲೇ ಉತ್ತರ ಇದೆ: ಮೇ ಕೊನೆ, ಮೊದಲ ದೊಡ್ಡ ಮಳೆ. ಆಗ ಕೆರೆಯಲ್ಲಿ ನೀರು ತಳ ಹಿಡಿದಿರುತ್ತದೆ, ಮೀನು ಅಷ್ಟೇ ಇರುತ್ತವೆ. ಮಳೆಗೆ ಮೊದಲು ಮೋಡ ಮುಚ್ಚಿಕೊಂಡಿರುತ್ತದೆ, ಹಾಗಾಗಿ ಆ ದಿನ ಪಾಚಿಯ ದುಡಿಮೆ ಕಡಿಮೆ. ಆಮೇಲೆ ಮಳೆ ಬಂದು ಆರು ತಿಂಗಳಿಂದ ಹೊಲ, ಬೀದಿ, ಚರಂಡಿಯಲ್ಲಿ ಬಿದ್ದಿದ್ದ ಸಗಣಿ, ಎಲೆ, ಕೊಳಕನ್ನೆಲ್ಲ ಒಂದೇ ಏಟಿಗೆ ಕೆರೆಗೆ ತಳ್ಳುತ್ತದೆ. ಅದನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೂ ಆಕ್ಸಿಜನ್ ಬೇಕು. ಕೊನೆಯದಾಗಿ, ತಣ್ಣನೆ ಮಳೆ ನೀರು ಮತ್ತು ಗಾಳಿ ಸೇರಿ ಕೆರೆಯನ್ನು ತಳದಿಂದ ಕಲಕುತ್ತವೆ. ತಳದ ಹೂಳಿನ ಹತ್ತಿರದ ನೀರಿನಲ್ಲಿ ಆಕ್ಸಿಜನ್ ಇರುವುದೇ ಇಲ್ಲ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಅದೆಲ್ಲ ಮೇಲೆ ಬರುತ್ತದೆ. ಆ ಬೆಳಿಗ್ಗೆ ಏರಿಯ ಮೇಲೆ ಅಂಥ ವಾಸನೆ ಬಂದಿತ್ತಾ ಅಂತ ಊರಲ್ಲಿ ಕೇಳಿ ನೋಡಿ.

ಇದು ಹಳ್ಳಿ ಕೆರೆಗೆ ಮಾತ್ರ ಬರುವ ಗತಿಯಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಅಲ್ಲೂ ಬಿಸಿಲು, ಕೊಳಚೆ, ಆಕ್ಸಿಜನ್ ಕೊರತೆಯ ಮಾತೇ ಬಂತು.

ಹಾಗಾದರೆ ವಿಷದ ಮಾತು?

ವಿಷ ಹಾಕುವವರೇ ಇಲ್ಲ ಎಂದು ನಾನು ಹೇಳುವುದಿಲ್ಲ. ಇದ್ದಾರೆ. ದೂರದಲ್ಲಿ ಕೂತು ನಿಮ್ಮೂರಲ್ಲಿ ಆಗಿಲ್ಲ ಎಂದು ಪ್ರಮಾಣ ಮಾಡಲೂ ಆಗದು. ಆದರೆ ನೋಡುವ ಕಣ್ಣಿದ್ದರೆ ಕೆರೆಯೇ ಕೆಲವು ಸುಳಿವು ಕೊಡುತ್ತದೆ. ಉಸಿರುಗಟ್ಟಿ ಸತ್ತರೆ ಸಾವು ಬೆಳಗಿನ ಜಾವ ಆಗಿರುತ್ತದೆ. ಹಿಂದಿನ ರಾತ್ರಿಯೇ ಮೀನು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿರುತ್ತವೆ. ದೊಡ್ಡ ಮೀನು ಮೊದಲು ಸಾಯುತ್ತವೆ, ಮರಿಗಳು ಎಷ್ಟೋ ಉಳಿಯುತ್ತವೆ. ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಕೊರವ ಮತ್ತು ಚೇಳು ಮೀನು. ಇವು ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲವು. ಕಾಟ್ಲಾ, ರೋಹು ಎಲ್ಲ ಸತ್ತು ಕೊರವ ಬದುಕಿದ್ದರೆ ಅದು ಬಹುತೇಕ ಆಕ್ಸಿಜನ್ ಕೊರತೆಯೇ. ಕೀಟನಾಶಕ ಬಿದ್ದಿದ್ದರೆ ಅದು ಯಾರು ಗಾಳಿ ಕುಡಿಯುತ್ತಾರೆ ಎಂದು ನೋಡುವುದಿಲ್ಲ. ಸಿಗಡಿ, ನೀರಹುಳ, ಗೊದಮೊಟ್ಟೆ ಎಲ್ಲ ಸಾಯುತ್ತವೆ, ಹೊತ್ತು ಗೊತ್ತು ಕೂಡ ಇರುವುದಿಲ್ಲ.

ನನ್ನ ಒಂದು ಅನುಭವ ಹೇಳುತ್ತೇನೆ. ಕೋಲಾರದ ಕಡೆ ಒಂದು ಕೆರೆಯಲ್ಲಿ ಹೀಗೇ ಆಗಿತ್ತು. ನಾವು ಸುದ್ದಿ ತಿಳಿದು ಹೋಗಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆ. ನೀರು ಪರೀಕ್ಷೆ ಮಾಡಿದರೆ ಆಕ್ಸಿಜನ್ ಒಂಬತ್ತು! ಸುತ್ತ ನಿಂತವರು "ನೋಡಿ, ಆಕ್ಸಿಜನ್ ಚೆನ್ನಾಗೇ ಇದೆ, ಅಂದ್ರೆ ವಿಷವೇ" ಎಂದು ತೀರ್ಮಾನ ಮಾಡಿಬಿಟ್ಟರು. ಬಿಸಿಲು ಬಂದು ಉಳಿದ ಪಾಚಿ ಆಗಲೇ ಕೆಲಸ ಶುರು ಮಾಡಿತ್ತು, ಅಷ್ಟೇ. ಅವತ್ತು ಅಲ್ಲೇ ಉಳಿದು, ಮಾರನೇ ದಿನ ಬೆಳಗಿನ ಜಾವ ಮತ್ತೆ ಅಳೆದು ತೋರಿಸಿದೆವು: 0.8. ಅರ್ಧ ಊರು ಒಪ್ಪಿತು, ಇನ್ನರ್ಧ ಇವತ್ತಿಗೂ ಒಪ್ಪಿಲ್ಲ. ಹಾಗಾಗಿ ಮುಂದೆ ಹೀಗಾದರೆ ಸೂರ್ಯ ಏರುವ ಮೊದಲೇ ನೀರು ಹಿಡಿಯಬೇಕು. ಅನುಮಾನ ಗಟ್ಟಿಯಾಗಿದ್ದರೆ ಆಗ ತಾನೇ ಸತ್ತ ಮೀನನ್ನು ಐಸಿನಲ್ಲಿಟ್ಟು ಪರೀಕ್ಷೆಗೆ ಕಳಿಸಬೇಕು. ಕಾರಣ ಏನೇ ಇರಲಿ, ತೇಲಿದ ಮೀನನ್ನು ಯಾರೂ ತಿನ್ನಬಾರದು.

ತೊಂಬತ್ತು ಎಲ್ಲಿ ಹೋಯಿತು?

ಈಗ ಆ ಹುಡುಗನ ಪ್ರಶ್ನೆ. ನಮ್ಮ ಪಾಠಗಳಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವು, ಹದ್ದು ಅಂತ ಒಂದು ಸಾಲು ಬರೆದು, ನಡುವೆ ಬಾಣ ಹಾಕಿ, ಪ್ರತಿ ಬಾಣದ ಮೇಲೆ 10% ಎಂದು ಬರೆದು ಮುಗಿಸುತ್ತೇವೆ. ಮಕ್ಕಳಿಗೆ ಉಳಿದ ತೊಂಬತ್ತು ಮಾಯವಾದ ಹಾಗೆ ಕಾಣುತ್ತದೆ. ಬಾಣದ ಬದಲು ಒಂದು ಹಸು ತೆಗೆದುಕೊಳ್ಳಿ. ಹಸು ಹುಲ್ಲು ತಿಂತು. ಒಂದು ದೊಡ್ಡ ಪಾಲು ಜೀರ್ಣವೇ ಆಗದೆ ಸಗಣಿಯಾಗಿ ಹೊರಗೆ ಬಂತು. ಆ ಸಗಣಿಯಲ್ಲಿ ಶಕ್ತಿ ಇದೆಯಾ ಅಂತ ಮಕ್ಕಳನ್ನು ಕೇಳಿ. ಬೆರಣಿ ಉರಿದು ನೀರು ಕಾಯುವುದನ್ನು ನೋಡಿದವರು ಇದೆ ಎಂದೇ ಹೇಳುತ್ತಾರೆ. ಆ ಬೆಂಕಿ ಹಸುವಿಗೆ ದಕ್ಕದೆ ಉಳಿದ ಬಿಸಿಲು. ಜೀರ್ಣವಾದ ಪಾಲಿನಲ್ಲೂ ಹೆಚ್ಚಿನದು ನಡೆಯಲು, ಉಸಿರಾಡಲು, ಮೈ ಬೆಚ್ಚಗಿಡಲು ಖರ್ಚಾಗಿ ಶಾಖವಾಗಿ ಗಾಳಿಗೆ ಸೇರಿತು. ಚಳಿಗಾಲದ ಬೆಳಿಗ್ಗೆ ಕೊಟ್ಟಿಗೆಯೊಳಗೆ ಕಾಲಿಟ್ಟರೆ ಮುಖಕ್ಕೆ ಬಡಿಯುವ ಬಿಸಿ ಅದೇ. ಕೊನೆಗೆ ಮಾಂಸವಾಗಿ, ಕರುವಾಗಿ, ಹಾಲಾಗಿ ಉಳಿದದ್ದು ಸ್ವಲ್ಪ.

ಹತ್ತು ಎನ್ನುವುದು ಪ್ರಕೃತಿಯ ಕಾನೂನು ಅಲ್ಲ, ಒಂದು ಅಂದಾಜು. ಇದು ಬಂದದ್ದು ರೇಮಂಡ್ ಲಿಂಡೆಮನ್ ಎಂಬ ಅಮೆರಿಕದ ಯುವಕನಿಂದ. ಮಿನ್ನೆಸೋಟದ ಸೀಡರ್ ಬಾಗ್ ಎಂಬ ಸಣ್ಣ ಕೆರೆಯಲ್ಲಿ ಪಾಚಿಯಿಂದ ಹುಳದವರೆಗೆ ಎಲ್ಲದರ ಶಕ್ತಿಯ ಲೆಕ್ಕ ಬರೆದ. ಅಲ್ಲಿ ಪಾಚಿ ಮತ್ತು ಗಿಡಗಳು ಹಿಡಿದದ್ದು ಬಿದ್ದ ಬಿಸಿಲಿನ ಶೇಕಡಾ 0.1 ಮಾತ್ರ. ಅವುಗಳಿಂದ ಸಸ್ಯಾಹಾರಿಗಳಿಗೆ 13, ಅಲ್ಲಿಂದ ಮುಂದಿನ ಹಂತಕ್ಕೆ 22. ನೋಡಿ, ಎಲ್ಲಿಯೂ ಸರಿಯಾಗಿ ಹತ್ತಿಲ್ಲ! ಮೈ ಬೆಚ್ಚಗಿಟ್ಟುಕೊಳ್ಳಬೇಕಾದ ಹಸು, ಹಕ್ಕಿಗಳಲ್ಲಿ ಹತ್ತಕ್ಕಿಂತ ಎಷ್ಟೋ ಕಡಿಮೆ. ಆ ಖರ್ಚಿಲ್ಲದ ಮೀನು, ಹುಳದಲ್ಲಿ ಜಾಸ್ತಿ. ಲಿಂಡೆಮನ್‌ನ ಆ ಲೇಖನವನ್ನು ಮೊದಲು ವಿಮರ್ಶಕರು ಒಪ್ಪಿರಲಿಲ್ಲ. 1942ರಲ್ಲಿ ಅದು ಅಚ್ಚಾಗಿ ಬರುವಷ್ಟರಲ್ಲಿ ಆತ ತೀರಿಕೊಂಡಿದ್ದ, ಇಪ್ಪತ್ತೇಳು ಕೂಡ ತುಂಬಿರಲಿಲ್ಲ. ಮಕ್ಕಳಿಗೆ ಇದನ್ನು ಹೇಳಿ, ಪರೀಕ್ಷೆಗೆ ಬರುವುದಿಲ್ಲ ಅಂದರೂ ಪರವಾಗಿಲ್ಲ.

ಇಲ್ಲಿಗೆ ಬಂದೆ ನಾನು ಮೊದಲೇ ಹೇಳಿದ ಮಾತಿಗೆ. ಶಕ್ತಿ ಬಿಸಿಲಾಗಿ ಒಳಗೆ ಬಂದು, ಕೈಯಿಂದ ಕೈಗೆ ದಾಟುತ್ತ, ಕೊನೆಗೆ ಶಾಖವಾಗಿ ಹೊರಟುಹೋಗುತ್ತದೆ. ವಾಪಸ್ ಬರುವುದಿಲ್ಲ. ಆದರೆ ಅದನ್ನು ಹೊತ್ತು ತಂದ ವಸ್ತು, ಅಂದರೆ ರಂಜಕ (ಫಾಸ್ಫರಸ್), ಸಾರಜನಕ (ನೈಟ್ರೋಜನ್), ಪೊಟ್ಯಾಷ್, ಹಾಗೆ ಮುಗಿದುಹೋಗುವುದಿಲ್ಲ. ಅವು ಸುತ್ತುತ್ತಲೇ ಇರುತ್ತವೆ. ಪಾಠದಲ್ಲಿ "ಶಕ್ತಿಯ ಹರಿವು" ಒಂದು ಕಡೆ, "ಪೋಷಕಾಂಶಗಳ ಚಕ್ರ" ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಒಂದೇ ಕೆರೆಯಲ್ಲಿ ಇಟ್ಟು ನೋಡದಿದ್ದರೆ ಮೀನು ಸತ್ತದ್ದು ಅರ್ಥವಾಗುವುದಿಲ್ಲ. ನಿಮ್ಮ ಕೆರೆ ಸತ್ತದ್ದು ಹಸಿವಿನಿಂದಲ್ಲ, ಅಜೀರ್ಣದಿಂದ. ವರ್ಷಾನುಗಟ್ಟಲೆ ಒಳಗೆ ಬಂದ ಗೊಬ್ಬರ ಹೊರಗೆ ಹೋಗಲು ದಾರಿ ಸಿಗದೆ ಉಳಿದಿದೆ. ತೊಂಬತ್ತು ಪರ್ಸೆಂಟಿನಲ್ಲಿ ಸತ್ತ ಪಾಚಿ, ಹಿಕ್ಕೆ, ಎಲೆಯಾಗಿ ತಳಕ್ಕೆ ಬಿದ್ದ ಪಾಲು ಇದೆಯಲ್ಲ, ಅದನ್ನು ಕೊಳೆಸುವವರೇ ಆ ರಾತ್ರಿ ಆಕ್ಸಿಜನ್ ಕುಡಿದು ಮುಗಿಸಿದ್ದು. ಹುಡುಗ ಕೇಳಿದ್ದು ಅದು ಎಲ್ಲಿಗೆ ಹೋಯಿತು ಅಂತ, ಹುಡುಗಿ ಕೇಳಿದ್ದು ಅದು ಏನು ಮಾಡಿತು ಅಂತ.

ಇದರಲ್ಲಿ ರಂಜಕವೇ ಮುಖ್ಯ ಆರೋಪಿ. ಸಾರಜನಕ ಗಾಳಿಗೆ ಹೋಗಬಲ್ಲದು, ಗಾಳಿಯಿಂದ ಬರಬಲ್ಲದು. ರಂಜಕಕ್ಕೆ ಹಾಗೆ ಹಾರಿಹೋಗುವ ದಾರಿಯಿಲ್ಲ. ಡಿಎಪಿ ಗೊಬ್ಬರವಾಗಿ, ಸೋಪಿನ ಪುಡಿಯಾಗಿ, ಚರಂಡಿ ನೀರಾಗಿ, ಸಗಣಿಯಾಗಿ ಕೆರೆಗೆ ಬಂದರೆ ಹೂಳಿನಲ್ಲಿ ಕೂತುಬಿಡುತ್ತದೆ. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಗಾರರು ಒಂದು ಸರೋವರವನ್ನು ಮಧ್ಯಕ್ಕೆ ಪರದೆ ಕಟ್ಟಿ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ, ಸಾರಜನಕ ಹಾಕಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಅದು ಪಾಚಿ ಕಟ್ಟಿ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೋ ಜಗತ್ತಿನ ಎಷ್ಟೋ ಜನರ ಬಾಯಿ ಮುಚ್ಚಿಸಿತು.

ನಮ್ಮ ಹಿಂದಿನವರಿಗೆ ರಂಜಕ ಎಂಬ ಹೆಸರು ಗೊತ್ತಿರಲಿಲ್ಲ, ಆದರೆ ಅದನ್ನು ಹೊರಗೆ ತೆಗೆಯುವ ಕೆಲಸ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗಾಡಿ ಕಟ್ಟಿಕೊಂಡು ಹೂಳು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ತೂಬು ತೆಗೆದರೆ ಗೊಬ್ಬರದ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತಿತ್ತು. ಈಗ ಬೋರ್‌ವೆಲ್ ಬಂದ ಮೇಲೆ ತೂಬು ತುಕ್ಕು ಹಿಡಿದಿದೆ, ನೀರಗಂಟಿ ಇಲ್ಲ, ಹೂಳು ಯಾರಿಗೂ ಬೇಡ. ಬರುವ ದಾರಿ ಅಗಲವಾಯಿತು, ಹೋಗುವ ದಾರಿ ಮುಚ್ಚಿತು. ಹಕ್ಕಿಗಳು ಮಾತ್ರ ಈಗಲೂ ಆ ಕೆಲಸ ಬಿಟ್ಟಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಸುತ್ತಲ ಕೆರೆ, ಹೊಳೆಯಲ್ಲಿ ಮೀನು ತಿಂದು ಊರೊಳಗಿನ ಹುಣಸೆ ಮರದಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಬಿದ್ದ ಹಿಕ್ಕೆಯನ್ನು ಊರಿನವರು ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ನೀರಿನಿಂದ ನೆಲಕ್ಕೆ ರಂಜಕ ವಾಪಸ್ ಬರುವುದನ್ನು ಇಷ್ಟು ಚೆನ್ನಾಗಿ ಯಾವ ಚಿತ್ರವೂ ತೋರಿಸುವುದಿಲ್ಲ.

1935ರಲ್ಲಿ ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿ ನಾವು ಇವತ್ತು ಪರಿಸರ ವ್ಯವಸ್ಥೆ ಎನ್ನುವ ಪದವನ್ನು ಚಲಾವಣೆಗೆ ತಂದಾಗ ಹೇಳಿದ್ದೂ ಇದೇ: ಜೀವಿಗಳನ್ನು ಅವು ಇರುವ ಮಣ್ಣು, ನೀರು, ಗಾಳಿಯಿಂದ ಬಿಡಿಸಿ ನೋಡಬೇಡಿ. ಅಂದರೆ ಹೂಳು ಕೂಡ ಪಾಠದ ಒಳಗೇ ಇದೆ.

ಆಹಾರವಾಗುವವರನ್ನು ಕೆಳಗೆ, ತಿನ್ನುವವರನ್ನು ಮೇಲೆ ಜೋಡಿಸಿ ಬರೆಯುವ ಪಿರಮಿಡ್ಡಿನ ವಿಚಾರ ನೀವು ಕೇಳಿಲ್ಲ, ಆದರೂ ಕೆರೆ ಪಾಠ ಮಾಡಿದರೆ ಬಂದೇ ಬರುತ್ತದೆ. ಕೆಲವು ಕೆರೆಗಳಲ್ಲಿ, ಸಮುದ್ರದಲ್ಲಿ, ಪಾಚಿಯ ತೂಕಕ್ಕಿಂತ ಅದನ್ನು ತಿನ್ನುವ ಪುಟ್ಟ ಜೀವಿಗಳ ತೂಕವೇ ಜಾಸ್ತಿ ಇರುತ್ತದೆ. ಪಿರಮಿಡ್ ತಲೆಕೆಳಗು. ಇದು ಹೇಗೆ ಸಾಧ್ಯ? ಬಿಡದಿಯ ತಟ್ಟೆ ಇಡ್ಲಿ ಹೋಟೆಲ್ ನೆನಪಿಸಿಕೊಳ್ಳಿ. ಯಾವ ಕ್ಷಣದಲ್ಲಿ ನೋಡಿದರೂ ಪಾತ್ರೆಯಲ್ಲಿ ಇರುವುದು ಇಪ್ಪತ್ತು ಇಡ್ಲಿ, ಎದುರಿಗೆ ಕೂತವರು ಐವತ್ತು ಜನ. ಆದರೂ ಎಲ್ಲರಿಗೂ ಸಿಗುತ್ತದೆ, ಯಾಕೆಂದರೆ ಬೇಯುತ್ತಲೇ ಇದೆ. ಪಾಚಿ ಕೂಡ ಒಂದೆರಡು ದಿನದಲ್ಲಿ ದುಪ್ಪಟ್ಟಾಗುತ್ತದೆ. ಇಡ್ಲಿ ಎಷ್ಟಿದೆ ಎನ್ನುವುದು ತೂಕದ ಪಿರಮಿಡ್, ದಿನಕ್ಕೆ ಎಷ್ಟು ಬೇಯುತ್ತದೆ ಎನ್ನುವುದು ಶಕ್ತಿಯ ಪಿರಮಿಡ್. ಎರಡನೆಯದು ಎಂದೂ ತಲೆಕೆಳಗಾಗುವುದಿಲ್ಲ.

ಈಗ ಊರಿನವರ ಯೋಜನೆಗಳು

ಅಂತರಗಂಗೆ ಕೀಳುವುದು ಒಳ್ಳೆಯದೇ. ನೇರಳೆ ಹೂವಿನ ಈ ಕಳೆ ದಕ್ಷಿಣ ಅಮೆರಿಕದ್ದು. ಅನುಕೂಲವಾದರೆ ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತದೆ. "ಹಸಿರು ತಾನೇ, ಆಕ್ಸಿಜನ್ ಕೊಡುತ್ತೆ" ಎಂದು ಬಿಡುವವರಿದ್ದಾರೆ. ಅದರ ಎಲೆ ಇರುವುದು ನೀರಿನ ಮೇಲೆ, ಆಕ್ಸಿಜನ್ ಬಿಡುವುದು ಗಾಳಿಗೆ. ಕೆಳಗಿನ ನೀರಿಗೆ ಸಿಗುವುದು ಕತ್ತಲೆ. ಆದರೆ ಕಿತ್ತದ್ದನ್ನು ಏರಿಯ ಮೇಲೆ ರಾಶಿ ಹಾಕಿದರೆ ಸುಮ್ನೆ ಕೂಲಿ ದಂಡ. ಅದು ಹೀರಿದ ರಂಜಕ ಕೊಳೆತು ಮಳೆಯಲ್ಲಿ ಮತ್ತೆ ಕೆರೆಗೇ ಇಳಿಯುತ್ತದೆ. ದೂರ ಸಾಗಿಸಿ ಕಾಂಪೋಸ್ಟ್ ಮಾಡಿ. ಒಂದೇ ದಿನ ಪೂರ್ತಿ ಕೀಳಬೇಡಿ. ಬೆಳಕು ಒಮ್ಮೆಲೇ ಬಿದ್ದರೆ ಆ ಜಾಗವನ್ನು ಪಾಚಿ ಹಿಡಿಯುತ್ತದೆ. ಕಳೆನಾಶಕ ಹೊಡೆಯುವ ಮಾತು ಯಾರಾದರೂ ಎತ್ತಿದರೆ ಖಂಡಿತ ಬೇಡ ಎನ್ನಿ. ನಿಂತಲ್ಲೇ ಸತ್ತು ಕೊಳೆತರೆ ಇನ್ನೊಂದು ಸಲ ಮೀನು ತೇಲುತ್ತವೆ. 1980ರ ದಶಕದಲ್ಲಿ ಇದನ್ನು ಮಾತ್ರ ತಿನ್ನುವ ಒಂದು ಬಗೆಯ ಮೂತಿ ಹುಳುಗಳನ್ನು ಹೊರದೇಶದಿಂದ ತಂದು ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು, ಕೆಲಸವನ್ನೂ ಮಾಡಿದವು. ಆದರೆ ವರ್ಷಗಳು ಬೇಕು, ಕೊಳಚೆ ಬರುತ್ತಲೇ ಇದ್ದರೆ ಕಳೆ ಮತ್ತೆ ಗೆಲ್ಲುತ್ತದೆ.

ಗಂಬೂಸಿಯಾ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಉತ್ತರ ಅಮೆರಿಕದ ಈ ಮೀನನ್ನು 1928ರಲ್ಲಿ ಸೊಳ್ಳೆಗೆಂದು ಭಾರತಕ್ಕೆ ತಂದರು. ಸೊಳ್ಳೆ ಮರಿ ತಿನ್ನುತ್ತದೆ, ಸುಳ್ಳಲ್ಲ. ಜೊತೆಗೆ ಕಪ್ಪೆಯ ಗೊದಮೊಟ್ಟೆ, ಬೇರೆ ಮೀನಿನ ಮೊಟ್ಟೆ, ಮರಿ, ಪಾಚಿ ತಿನ್ನುವ ಪುಟ್ಟ ಜೀವಿಗಳು, ಎಲ್ಲವನ್ನೂ ತಿನ್ನುತ್ತದೆ. ಪಾಚಿ ತಿನ್ನುವವರನ್ನು ತಿಂದರೆ ಪಾಚಿ ಏನಾಗುತ್ತದೆ ಅಂತ ಹತ್ತನೇ ಕ್ಲಾಸಿನವರನ್ನೇ ಕೇಳಿ, ಆಹಾರ ಜಾಲದ ಒಳ್ಳೆಯ ಪ್ರಶ್ನೆ ಅದು. ನಮ್ಮ ಕೆರೆ, ಕಾಲುವೆಗಳಲ್ಲಿ ನೆತ್ತಿಯ ಮೇಲೆ ಬೆಳ್ಳಿ ಚುಕ್ಕಿಯಿರುವ ಸಣ್ಣ ದೇಸಿ ಮೀನು ಇದೆ, ಮೇಲ್ಮೈಯಲ್ಲೇ ಓಡಾಡುತ್ತ ಸೊಳ್ಳೆ ಮರಿ ತಿನ್ನುತ್ತದೆ. ಅದು ಸಾಕು. ಡೆಂಗ್ಯೂ ಸೊಳ್ಳೆಯಂತೂ ಕೆರೆಯಲ್ಲಿ ಅಲ್ಲ, ಮನೆಯ ಡ್ರಮ್ಮು, ತೊಟ್ಟಿ, ಒಡೆದ ತೆಂಗಿನ ಚಿಪ್ಪಿನಲ್ಲಿ ಹುಟ್ಟುವುದು. ಗುತ್ತಿಗೆದಾರರು ಆಫ್ರಿಕನ್ ಕ್ಯಾಟ್‌ಫಿಶ್ ಬಿಡುವ ಆಸೆ ತೋರಿಸಿದರೆ ಅದು ನಿಷೇಧಿತ ಮೀನು ಎಂದು ನೆನಪಿಸಿ.

ಸುಣ್ಣ? ಸಣ್ಣ ಮೀನು ಹೊಂಡದಲ್ಲಿ, ಹುಳಿ ಮಣ್ಣಿದ್ದರೆ, ಅಳೆದು ಹಾಕುವುದಕ್ಕೆ ಅರ್ಥವಿದೆ. ಪಾಚಿ ಕಟ್ಟಿದ ಕೆರೆಯ ನೀರು ಮಧ್ಯಾಹ್ನದ ಹೊತ್ತಿಗೆ ಆಗಲೇ ಕ್ಷಾರವಾಗಿರುತ್ತದೆ, ಪಿಎಚ್ ಒಂಬತ್ತು ದಾಟಿರುತ್ತದೆ. ಅದಕ್ಕೆ ಸುಣ್ಣ ಸೇರಿಸಿದರೆ ನೀರಿನ ಅಮೋನಿಯಾ ಮೀನಿಗೆ ವಿಷವಾಗುವ ರೂಪಕ್ಕೆ ತಿರುಗುತ್ತದೆ. ಬಾಟಲಿಯಲ್ಲಿ "ಒಳ್ಳೆಯ ಬ್ಯಾಕ್ಟೀರಿಯಾ" ಮಾರುವವರೂ ಬರುತ್ತಾರೆ. ಕೆರೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬರವಿಲ್ಲ, ಅವಕ್ಕೆ ಉಸಿರಾಡಲು ಆಕ್ಸಿಜನ್ ಇಲ್ಲ. ಆ ದುಡ್ಡು ಉಳಿಸಿ.

ತುರ್ತಿಗೆ ಆಗುವುದು ಒಂದಿದೆ. ಬೇಸಿಗೆಯ ಕೊನೆಯಲ್ಲಿ, ಮೋಡ ಕವಿದ ದಿನ, ರಾತ್ರಿ ಮೀನು ಬಾಯಿ ಬಿಡುವುದು ಕಂಡರೆ, ಡೀಸೆಲ್ ಪಂಪಿನಿಂದ ಮೇಲಿನ ನೀರನ್ನೇ ಎತ್ತಿ ಗಾಳಿಯಲ್ಲಿ ಚಿಮ್ಮುವ ಹಾಗೆ ಕೆರೆಗೇ ಬಿಡಿ, ಬೆಳಕು ಹರಿಯುವವರೆಗೆ. ಪೈಪು ತಳ ಮುಟ್ಟಬಾರದು. ಇಡೀ ಕೆರೆ ಸರಿಯಾಗುವುದಿಲ್ಲ, ಆದರೆ ಆ ಮೂಲೆಗೆ ಬಂದು ಸೇರಿದ ಮೀನು ಉಳಿಯುತ್ತವೆ. ಇನ್ನೊಂದು, ಏಪ್ರಿಲ್‌ನಲ್ಲೇ ದೊಡ್ಡ ಮೀನು ಹಿಡಿದು ಮಾರುವುದು. ಗುತ್ತಿಗೆದಾರರಿಗೆ ಇದು ಬೇಗ ಅರ್ಥವಾಗುತ್ತದೆ. ಹಿಡಿದ ಮೀನಿನ ಜೊತೆ ಒಂದಿಷ್ಟು ರಂಜಕವೂ ಹೊರಗೆ ಹೋಗುತ್ತದೆ. ಕೋಳಿ ಹಿಕ್ಕೆ ಸುರಿದು ಮೀನು ಸಾಕುತ್ತಿದ್ದರೆ ಮಾತ್ರ ಅದನ್ನು ನಿಲ್ಲಿಸಲೇಬೇಕು.

ನಿಜವಾದ ಔಷಧ ಎರಡೇ: ಬರುವ ಕೊಳಚೆ ತಡೆಯುವುದು, ಒಳಗಿರುವ ಹೂಳು ತೆಗೆಯುವುದು. ಅಮೆರಿಕದ ಸಿಯಾಟಲ್ ನಗರದವರು 1963ರಿಂದ 1968ರ ನಡುವೆ ವಾಷಿಂಗ್ಟನ್ ಸರೋವರಕ್ಕೆ ಬರುತ್ತಿದ್ದ ಕೊಳಚೆಯನ್ನು ಬೇರೆ ಕಡೆ ತಿರುಗಿಸಿದರು. ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಅದು ಆಳದ ಸರೋವರ. ನಮ್ಮದು ಆಳವಿಲ್ಲದ ಕೆರೆ, ಕೊಳಚೆ ನಿಲ್ಲಿಸಿದರೂ ಹೂಳು ತನ್ನೊಳಗಿನ ರಂಜಕವನ್ನು ಸಾಲ ತೀರಿಸುವ ಹಾಗೆ ವರ್ಷಗಟ್ಟಲೆ ಬಿಡುತ್ತಿರುತ್ತದೆ. "ಬಿಟ್ಟುಬಿಡಿ, ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ" ಎನ್ನುವವರಿಗೆ ಹೇಳಬೇಕಾದ್ದು ಇದು. ಕೆರೆ ಮನುಷ್ಯ ಕಟ್ಟಿದ್ದು, ಮನುಷ್ಯ ನೋಡಿಕೊಂಡದ್ದರಿಂದಲೇ ಇಷ್ಟು ಕಾಲ ಉಳಿದದ್ದು. ತಿಳಿನೀರಿನ ಕೆರೆ ಒಮ್ಮೆ ಹಸಿರು ರಾಡಿಯಾದರೆ ಆ ಸ್ಥಿತಿಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಸ್ವಲ್ಪ ಕೊಳಚೆ ಕಡಿಮೆ ಮಾಡಿದರೆ ಹಿಂದಕ್ಕೆ ಬರುವುದಿಲ್ಲ, ತುಂಬಾ ಕಡಿಮೆ ಮಾಡಬೇಕು.

ಚರಂಡಿ ನೀರು ಕೆರೆಗೆ ಸೇರುವ ಬಾಯಲ್ಲಿ ಜೊಂಡು ಬೆಳೆದ ಜೌಗು ಬಿಡಿ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಹೀಗೆ ಜೌಗು ದಾಟಿಯೇ ಕೆರೆಗೆ ಬರುತ್ತದೆ. ಆದರೆ ಜೊಂಡನ್ನು ಆಗಾಗ ಕೊಯ್ದು ಹೊರಗೆ ಹಾಕಬೇಕು, ಇಲ್ಲದಿದ್ದರೆ ಅಲ್ಲೂ ಅದೇ ಕಥೆ. ಹೂಳು ತೆಗೆಸುವಾಗ ಜೆಸಿಬಿಯವರು ಕೆರೆಯನ್ನು ಬಾ‌ಣಲೆಯ ಹಾಗೆ ಒಂದೇ ಆಳಕ್ಕೆ ತೋಡಿ, ಅಂಚನ್ನು ಗೋಡೆಯ ಹಾಗೆ ಕಡಿಯಲು ನೋಡುತ್ತಾರೆ. ಬಿಡಬೇಡಿ. ಮೊಣಕಾಲುದ್ದದ ಅಂಚು ಉಳಿದರೆ ಮಾತ್ರ ಕೊಕ್ಕರೆ ಬರುತ್ತದೆ, ಮೀನು ಮರಿ ಮಾಡುತ್ತದೆ, ದನ ಜಾರಿ ಬೀಳುವುದಿಲ್ಲ. ಹಳ್ಳಿಯ ಹೂಳು ಹೊಲಕ್ಕೆ ಚಿನ್ನ. ಕಾರ್ಖಾನೆ ನೀರು ಬರುವ ಕೆರೆಯಾದರೆ ಮಾತ್ರ ಮಣ್ಣು ಪರೀಕ್ಷೆ ಮಾಡಿಸಿ ಆಮೇಲೆ ಹಾಕಿ.

ಮಕ್ಕಳಿಗೆ ಮಾಡಿಸಲು ಎರಡು ಕೆಲಸ ಕೊಡುತ್ತೇನೆ. ಮೊದಲನೆಯದು, ಅಂಗೈಗಿಂತ ಸ್ವಲ್ಪ ದೊಡ್ಡ ಸ್ಟೀಲ್ ತಟ್ಟೆಗೆ ಕಪ್ಪು ಬಿಳಿ ಬಣ್ಣ ನಾಲ್ಕು ಭಾಗವಾಗಿ ಬಳಿದು, ಗುರುತು ಮಾಡಿದ ಹಗ್ಗ ಕಟ್ಟಿ ತೂಬಿನ ಕಟ್ಟೆಯಿಂದ ಇಳಿಬಿಡುವುದು. ಕಣ್ಣಿಗೆ ಮರೆಯಾಗುವ ಆಳವನ್ನು ವಾರಕ್ಕೊಮ್ಮೆ ಬರೆದಿಡಿ. 1865ರಲ್ಲಿ ಇಟಲಿಯ ಪಾದ್ರಿ ಸೆಕ್ಕಿ ಶುರುಮಾಡಿದ ಈ ಅಳತೆಯನ್ನು ನಾನು ಇವತ್ತಿಗೂ ಬಳಸುತ್ತೇನೆ, ಬ್ಯಾಟರಿ ಮುಗಿಯುವ ಭಯವಿಲ್ಲ. ಯಾರನ್ನೂ ನೀರಿಗೆ ಇಳಿಸಬೇಡಿ, ಹೂಳಿನಲ್ಲಿ ಕಾಲು ಹೂತರೆ ಈಜು ಬಂದರೂ ಕಷ್ಟ.

ಎರಡನೆಯದು, ಒಂದೇ ಅಳತೆಯ ಮೂರು ಬಾಟಲಿಯಲ್ಲಿ ಕೆರೆ ನೀರು. ಒಂದರಲ್ಲಿ ಬರೀ ನೀರು, ಇನ್ನೊಂದಕ್ಕೆ ಚಿಟಿಕೆ ಸಗಣಿ, ಮೂರನೆಯದಕ್ಕೆ ನಾಲ್ಕೈದು ಕಾಳು ಡಿಎಪಿ. ಮುಚ್ಚಳ ಸಡಿಲವಾಗಿ ಇಟ್ಟು, ಬೆಳಕು ಬರುವ ಕಿಟಕಿಯಲ್ಲಿ ಎರಡು ವಾರ. ದಿನಾ ಬಣ್ಣ ಬರೆದಿಡಲಿ. ಯಾವುದು ಮೊದಲು ಹಸಿರಾಗುತ್ತದೆ ಅಂತ ಮಕ್ಕಳು ಪಂದ್ಯ ಕಟ್ಟಲಿ. ಸಗಣಿ ಬಾಟಲಿಯ ಮುಚ್ಚಳವನ್ನು ಮಾತ್ರ ಕ್ಲಾಸಿನೊಳಗೆ ತೆಗೆಯಬೇಡಿ. ನಾನು ಒಮ್ಮೆ ತೆಗೆದು, ಆ ದಿನದ ಪಾಠವನ್ನು ಬೇವಿನ ಮರದ ಕೆಳಗೆ ಮುಗಿಸಬೇಕಾಯಿತು.